ಅಗಲ ತೋಳಿನ ಅಂಗಿ

“ವೀಣಾ, ನಿಮ್ಮಣ್ಣನಿಗೆ ಒಂದು ಅಂಗಿ ಹುಡುಕಬೇಕಲ್ಲಮ್ಮಾ. ಪ್ಲಾಸ್ಟರ್ ಮೇಲೆ ಹಾಕ್ಕೊಳ್ಳೋ ಹಂಗಿರ್ಬೇಕು. ತೋಳು ಇಷ್ಟಗಲ!”

ಗೋವಿಂದಮ್ಮ ಎರಡೂ ಕೈ ಚಾಚಿ ಅಳತೆ ತೋರಿಸಿದಳು. ಆ ಅಗಲದಲ್ಲಿ ಕೈಯೇನು, ಒಂದು ಕುರಿಮರಿಯೇ ಹಿಡಿಸುತ್ತಿತ್ತು.

ವೀಣಾಳ ಕಿವಿಗೆ ಅಂಗಿಯೂ ಬೀಳಲಿಲ್ಲ, ತೋಳೂ ಬೀಳಲಿಲ್ಲ. ‘ನಿಮ್ಮಣ್ಣ’ ಎಂಬ ಒಂದೇ ಮಾತು ಬಿತ್ತು. 

ಗೋವಿಂದಮ್ಮನ ಮಗ ರವಿತೇಜ ಅವಳ ಅಣ್ಣನಲ್ಲ. ಮನೆತನದ ಹೆಸರು ಬೇರೆ, ಗೋತ್ರ ಬೇರೆ. ಆದರೆ ಗೋವಿಂದಮ್ಮ ಮದುವೆಯಾಗಿ ಮೊಳಕಾಲ್ಮೂರಿನ ಈ ಮಗ್ಗದ ಬೀದಿಗೆ ಬಂದ ಹೊಸದರಲ್ಲಿ, ಪಕ್ಕದ ಮನೆಯ ರೇಣುಕಮ್ಮನನ್ನು ಗೋಡೆಯಾಚೆಯಿಂದ ‘ಅಕ್ಕಾ’ ಎಂದು ಕರೆದಿದ್ದಳು. ಯಾವ ನೆಂಟಸ್ತಿಕೆಯೂ ಇಲ್ಲ. ಹಾಲಿಗೆ ಹೆಪ್ಪು ಬೇಕಿತ್ತು, ಕರೆದಳು, ಅಷ್ಟೇ. ಆ ಅಕ್ಕ ಎಂಬ ಮಾತು ಗೋಡೆಯ ಮೇಲಿನ ಬಳ್ಳಿಯ ಹಾಗೆ ಹಬ್ಬಿಕೊಂಡಿತು. ಅಕ್ಕನಿಗೆ ಹುಟ್ಟಿದವಳು ವೀಣಾ, ತಂಗಿಗೆ ಹುಟ್ಟಿದವನು ರವಿತೇಜ, ಹಾಗಾಗಿ ವರಸೆಯಲ್ಲಿ ಅಣ್ಣ ತಂಗಿ ಎಂದು ಇಡೀ ಬೀದಿಯೇ ತೀರ್ಮಾನ ಮಾಡಿಬಿಟ್ಟಿತು.

ಅದೇ ಅವತ್ತು ಗೋವಿಂದಮ್ಮ ‘ವದಿನಾ’ ಎಂದು ಕರೆದಿದ್ದರೆ? ಆ ಮನೆಗಳ ತೆಲುಗಿನಲ್ಲಿ ವದಿನ ಎಂದರೆ ಅತ್ತಿಗೆ. ಅತ್ತಿಗೆಯ ಮಗಳನ್ನು ಸೊಸೆ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಹೆಪ್ಪು ಕೇಳುವ ಮುಂಚೆ ಒಂದು ಗಳಿಗೆ ಯೋಚನೆ ಮಾಡಬಾರದಿತ್ತೇ ಎಂದು ವೀಣಾ ಮನಸ್ಸಿನಲ್ಲೇ ಗೋವಿಂದಮ್ಮನ ಜೊತೆ ಎಷ್ಟೋ ಸಲ ಜಗಳವಾಡಿದ್ದಳು. ಹೊರಗೆ ಮಾತ್ರ ಬಾಯಿ ತುಂಬ ‘ಚಿಕ್ಕವ್ವಾ’ ಎನ್ನುತ್ತಿದ್ದಳು.

ಗೋವಿಂದಮ್ಮನನ್ನು ಚಿಕ್ಕವ್ವ ಎಂದಳೇ ಹೊರತು ರವಿತೇಜನನ್ನು ಒಮ್ಮೆಯೂ ಅಣ್ಣ ಎಂದವಳಲ್ಲ. ಬೀದಿಯ ಹುಡುಗಿಯರೆಲ್ಲ ಅಣ್ಣ ಅಣ್ಣ ಎಂದು ಅವನ ಬೆನ್ನು ಹತ್ತಿದರೂ ಇವಳ ನಾಲಿಗೆ ಮಾತ್ರ ಹೊರಳಲಿಲ್ಲ. ಹೆಸರು ಹಿಡಿದು ಕರೆಯಲು ಧೈರ್ಯವಿಲ್ಲ, ಅಣ್ಣ ಎನ್ನಲು ಮನಸ್ಸಿಲ್ಲ. ಹಾಗಾಗಿ ಅವಳು ಒಂದು ಉಪಾಯ ಕಂಡುಕೊಂಡಿದ್ದಳು.

ಅವನ ಮಗ್ಗದಲ್ಲಿ ಅವಳು ಜೊತೆಗಾತಿ. ಮೊಳಕಾಲ್ಮೂರು ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡನ್ನೂ ಕೂಡಿಸಿ ನೇಯಲು ಒಬ್ಬರ ಕೈ ಸಾಲದು. ನೇಯುವವನು ನಡುವೆ ಕೂತರೆ, ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿಯನ್ನು ತೂರಿಸಿ ಕೊಡಬೇಕು. ಪಿಯುಸಿ ಮುಗಿಸಿದಾಗಿನಿಂದ ಆ ಪಕ್ಕದ ಜಾಗ ವೀಣಾಳದು. ನೂಲು ಕಡಿದರೆ, ಟೀ ಬಂದರೆ, ಯಾರಾದರೂ ಕರೆದರೆ, ಅವಳು ಲಾಳಿಯಿಂದ ಮಗ್ಗದ ಮರಕ್ಕೆ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಅವನು ತಿರುಗುತ್ತಿದ್ದ. ಆ ತಿರುಗುವ ಗಳಿಗೆಗಾಗಿ ಅವಳು ಕಡಿಯದ ನೂಲಿಗೂ ಕೆಲವು ಸಲ ಮರ ಬಡಿದದ್ದುಂಟು.

ಆ ಜಾಗದಿಂದ ಅವಳಿಗೆ ಕಾಣುತ್ತಿದ್ದದ್ದು ಅವನ ಅರ್ಧ ಮುಖ. ಒಂದು ಕಿವಿ, ಒಂದು ಕೆನ್ನೆ, ಲೆಕ್ಕ ತಪ್ಪಿದಾಗ ಕಚ್ಚಿಕೊಳ್ಳುವ ಕೆಳತುಟಿಯ ಒಂದು ತುದಿ. ನೇಯುವವನಿಗೆ ಬಟ್ಟೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದೇ ಅವಳ ಅದೃಷ್ಟ, ಅದೇ ಅವಳ ಕರ್ಮ.

ಹೀಗಿರುವಾಗ ರವಿತೇಜ ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೋಗಿ ಬರುವ ದಾರಿಯಲ್ಲಿ ಬೈಕಿಗೆ ಕುರಿಮಂದೆ ಅಡ್ಡ ಬಂತು. ಕುರಿಗಳೆಲ್ಲ ಕ್ಷೇಮ. ಇವನ ಎಡಗೈ ಮುರಿಯಿತು. ಮೊಣಕೈ ಮಡಿಸಿ, ಬೆರಳ ಬುಡದಿಂದ ತೋಳಿನ ತನಕ ಬಿಳಿ ಪ್ಲಾಸ್ಟರ್. ಮಗ್ಗದ ಮೇಲಿದ್ದ ಸೀರೆ ಅರ್ಧಕ್ಕೇ ನಿಂತಿತ್ತು. ಆಗ ಅವರಿಬ್ಬರೂ ಜಾಗ ಬದಲಾಯಿಸಿದರು. ವೀಣಾ ನಡುವೆ ಕೂತು ನೇಯ್ದಳು. ಅವನು ಪಕ್ಕದಲ್ಲಿ ಕೂತು ಬಲಗೈಯಿಂದ ಅಂಚಿನ ಲಾಳಿ ಕೊಟ್ಟ. ಅವಳ ಕಣ್ಣಿಗೆ ಈಗ ಬಟ್ಟೆ ಮಾತ್ರ. ಅರ್ಧ ಮುಖವೂ ಕೈತಪ್ಪಿ ಹೋಯಿತಲ್ಲ ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಅಷ್ಟರಲ್ಲಿ ಚಳ್ಳಕೆರೆಯಿಂದ ಹೆಣ್ಣಿನ ಸಂಬಂಧ ಬಂತು.

“ನಾಳೆ ಭಾನುವಾರ ಹೆಣ್ಣು ನೋಡೋಕೆ ಹೋಗ್ಬೇಕು. ನೇಕಾರನ ಕೈ ಮುರಿದೈತೆ ಅಂದ್ರೆ ಯಾರಮ್ಮಾ ಹೆಣ್ಣು ಕೊಡ್ತಾರೆ? ಮುಂದಕ್ಕೆ ಹಾಕೋಣ ಅಂದ್ರೆ ಆಷಾಢ ಬರ್ತೈತೆ,” ಎಂದಳು ಗೋವಿಂದಮ್ಮ, ಅಳತೆ ತೋರಿಸಿದ ಕೈ ಇಳಿಸಿ. “ಅಗಲ ತೋಳಿನದೊಂದು ಅಂಗಿ ಸಿಕ್ರೆ ಮೇಲೊಂದು ಶಲ್ಯ ಹಾಕಿ ಕೂರಿಸ್ತೀನಿ. ಇವನೊಬ್ಬನೇ ಹೋದ್ರೆ ಗುಂಡಿ ಹಾಕ್ಕೊಳ್ಳೋಕೂ ಬರಲ್ಲ. ಇವತ್ತು ಚಳ್ಳಕೆರೆಗೆ ಜೊತೇಲಿ ನೀನು ಹೋಗಿ ಬಾ. ಒಡಹುಟ್ಟಿದ ತಂಗಿ ಇದ್ದಿದ್ರೆ ಹೋಗ್ತಿರ್ಲಿಲ್ವಾ?”

ಗೋವಿಂದಮ್ಮ ಫೋನಿನಲ್ಲಿ ಹುಡುಗಿಯ ಫೋಟೊ ತೋರಿಸಿದಳು. ಹೆಸರು ರಂಜಿತಾ. ಹಸಿರು ಸೀರೆ, ಅದಕ್ಕೆ ಮೈಬಣ್ಣ ಎದ್ದು ಕಾಣುವ ಹಳದಿ ರವಿಕೆ. ರವಿಕೆಯ ತೋಳುಗಳಂತೂ ಎರಡು ಕುಂಬಳಕಾಯಿಯಷ್ಟು ಉಬ್ಬಿದ್ದವು. ಈಗಿನ ಫ್ಯಾಶನ್. ಕೆನ್ನೆಯಲ್ಲಿ ಗುಳಿ. ಗುಳಿ ಬೇರೆ ಕೇಡು ಎಂದುಕೊಂಡಳು ವೀಣಾ.

“ಚೆನ್ನಾಗವಳೆ ಚಿಕ್ಕವ್ವ. ಒಳ್ಳೆ ಸಂಬಂಧ,” ಎಂದಳು ಬಾಯಲ್ಲಿ.

ಬಾಗಿಲಲ್ಲಿ ನಿಂತಿದ್ದ ರವಿತೇಜ ಅವಳನ್ನೇ ನೋಡುತ್ತಿದ್ದ. “ಹೌದಾ? ನಿನಗೂ ಒಪ್ಪಿಗೇನಾ?”

“ನನ್ನ ಒಪ್ಪಿಗೆ ಯಾರಿಗೆ ಬೇಕು? ನಡೀರಿ, ಬಸ್ ತಪ್ತೈತೆ.”

*

ಬಸ್ಸಿನಲ್ಲಿ ಅವನು ಕಿಟಕಿಗೆ ಕೂತ. ಇಬ್ಬರ ನಡುವೆ ಆ ಪ್ಲಾಸ್ಟರ್ ಕೈ, ಕಾವಲಿಗೆ ಬಂದ ಹಿರಿಯರ ಹಾಗೆ ಗಟ್ಟಿಯಾಗಿ ಕೂತಿತ್ತು. ಹಳೆಯ ಅಂಗಿಯ ಎಡತೋಳನ್ನು ಗೋವಿಂದಮ್ಮ ಕತ್ತರಿಯಿಂದ ಸೀಳಿ ಪಿನ್ನು ಹಾಕಿದ್ದಳು.

ದಾರಿಯಲ್ಲಿ ತಳಕು ಎಂಬ ಊರಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಹುರಿದ ಶೇಂಗಾ ಕೊಂಡ. ಒಂದೇ ಕೈಯಲ್ಲಿ ಸಿಪ್ಪೆ ಬಿಡಿಸಲು ಒದ್ದಾಡಿದ.

“ಕೊಡಿ ಇಲ್ಲಿ,” ಎಂದು ವೀಣಾ ಪೊಟ್ಟಣ ಕಸಿದುಕೊಂಡಳು.

ಅವಳು ಒಂದೊಂದೇ ಬಿಡಿಸಿ ಅವನ ಅಂಗೈಗೆ ಹಾಕಿದಳು. ಅವನು ಒಂದೊಂದೇ ಬಾಯಿಗೆ ಹಾಕಿಕೊಂಡ. ಬೆರಳಿಗೆ ಬೆರಳು ತಾಗಿತು. ತಾಗಿದ್ದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಹೊರಗೆ ಬಯಲು ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ಇಷ್ಟೇ ಸಾಕು, ಈ ಬಸ್ಸು ಎಲ್ಲೂ ನಿಲ್ಲದೆ ಹೋಗುತ್ತಲೇ ಇರಲಿ ಎಂದುಕೊಂಡಳು ವೀಣಾ.

ಆಗ ಅವನು ತೊಡೆಯ ಮೇಲೆ ಫೋನಿಟ್ಟು ರಂಜಿತಾಳ ಫೋಟೊ ತೆರೆದ. ಬರೀ ತೆರೆದನೇ? ಎರಡು ಬೆರಳಿಟ್ಟು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಕಣ್ಣು ಕಿರಿದು ಮಾಡಿ, ತಲೆ ಬಗ್ಗಿಸಿ, ಅಂಗುಲ ಅಂಗುಲವಾಗಿ ನೋಡಿದ. ಇವಳು ಸಿಪ್ಪೆ ಬಿಡಿಸಿ ತಿನ್ನಿಸುವುದು, ಅವನು ಆ ಗುಳಿಕೆನ್ನೆಯವಳನ್ನು ನೋಡುತ್ತಾ ಅಗಿಯುವುದು!

ವೀಣಾ ಪೊಟ್ಟಣದಲ್ಲಿ ಹುಡುಕಿ ಕಪ್ಪಾದ ಒಂದು ಜೊಳ್ಳು ಬೀಜ ಅವನ ಅಂಗೈಗೆ ಹಾಕಿದಳು.

“ಥೂ, ಕಹಿ!”

“ಕಹೀನಾ? ನಿಮಗೆ ಇವತ್ತು ಎಲ್ಲಾ ಸಿಹಿಯಾಗೇ ಇರ್ತೈತೆ ಅನ್ಕೊಂಡಿದ್ದೆ.”

ಅವನು ನಕ್ಕ. ಆ ನಗು ಯಾವುದಕ್ಕೆ ಎಂದು ತಿಳಿಯದೆ ಅವಳ ಹೊಟ್ಟೆ ಮತ್ತೂ ಉರಿಯಿತು. ಚಳ್ಳಕೆರೆ ಬರುವ ತನಕ ಶೇಂಗಾ ಎಲ್ಲವನ್ನೂ ತಾನೇ ತಿಂದಳು.

*

ಬಸ್ ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಗೆ ಮೊದಲು ಹೋದರು. ಗಲ್ಲಾದ ಸಾಹೇಬರು “ಆವೋ ಬೇಟಾ, ಬನ್ನಿ ಬನ್ನಿ” ಎಂದು ಎದ್ದು ನಿಂತರು. ಪ್ಲಾಸ್ಟರ್ ನೋಡಿ “ಅರೆರೆ” ಎಂದರು. ಹೆಣ್ಣು ನೋಡುವ ವಿಷಯ ಕೇಳಿದ ಮೇಲೆ ಅವರ ಉತ್ಸಾಹಕ್ಕೆ ಮಿತಿಯೇ ಇರಲಿಲ್ಲ. ಕುರ್ತಾ, ಜುಬ್ಬ, ಅಂಗಿ ಎಂದು ಎದುರಿಗೆ ಗುಡ್ಡೆ ಹಾಕಿದರು.

ಒಂದು ಅಂಗಿಯ ತೋಳು ಮಣಿಕಟ್ಟಿನಲ್ಲೇ ಸಿಕ್ಕಿಕೊಂಡಿತು. ಇನ್ನೊಂದು ಮೊಣಕೈ ತನಕ ಬಂದು ಹಟ ಹಿಡಿಯಿತು. ಮಗದೊಂದನ್ನು ಎಳೆಯುವಾಗ ಅವನು “ಅವ್ವಾ” ಎಂದ. ವೀಣಾ ತಟ್ಟನೆ ಕೈ ಬಿಟ್ಟಳು.

“ನೋವಾಯ್ತಾ?”

“ಇಲ್ಲ. ನೀನು ಹಿಂಗೆ ಕೇಳ್ತಿದ್ರೆ ನೋವಾಗಲ್ಲ.”

ಇಂಥ ಮಾತನ್ನು ನಾಳೆ ಅವಳಿಗೆ ಹೇಳಲು ಇವತ್ತು ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ ಎಂದುಕೊಂಡಳು ವೀಣಾ. ಹೊಟ್ಟೆಕಿಚ್ಚಿಗೆ ಬುದ್ಧಿ ಕಡಿಮೆ, ಲೆಕ್ಕಾಚಾರ ಜಾಸ್ತಿ.

ಅವನು ಬೆನ್ನು ತಿರುಗಿಸಿ ಗೋಡೆಯ ಕನ್ನಡಿಯ ಮುಂದೆ ಇನ್ನೊಂದು ಕುರ್ತಾ ಹಿಡಿದು ನಿಂತಾಗ ಅವಳ ಕೈಗೆ ಒಂದು ಜುಬ್ಬ ಸಿಕ್ಕಿತು. ಕೆನೆ ಬಣ್ಣದ ಹತ್ತಿಯ ಜುಬ್ಬ. ತೋಳಿನೊಳಗೆ ತನ್ನ ಕೈ ತೂರಿಸಿ ಮಡಿಸಿ ನೋಡಿದಳು. ಕೈಯ ಸುತ್ತ ಇನ್ನೂ ಎಷ್ಟೋ ಜಾಗ ಉಳಿದಿತ್ತು. ಪ್ಲಾಸ್ಟರ್ ಸಲೀಸಾಗಿ ಹೋಗುತ್ತಿತ್ತು. ಬಣ್ಣವೂ ಅವನಿಗೆ ಒಪ್ಪುವಂಥದ್ದೇ.

ಒಪ್ಪುತ್ತದೆ ಎನ್ನುವುದೇ ತೊಂದರೆಯಾಯಿತು. ಆ ಜುಬ್ಬದಲ್ಲಿ ಅವನು ಯಾರದೋ ಮನೆಯ ಸೋಫಾದ ಮೇಲೆ ಕೂತಿರುವುದು, ಕುಂಬಳಕಾಯಿ ತೋಳಿನ ರಂಜಿತಾ ಕಾಫಿ ಲೋಟ ಹಿಡಿದು ಬಗ್ಗುವುದು, ಇವನು ತಲೆಯೆತ್ತುವುದು, ಅವಳ ಕೆನ್ನೆಯಲ್ಲಿ ಗುಳಿ ಬೀಳುವುದು, ಎಲ್ಲವೂ ವೀಣಾಳ ಕಣ್ಣ ಮುಂದೆ ಸಿನಿಮಾದಂತೆ ಓಡಿತು. ಆ ಹುಡುಗಿ ಅವನ ಪೂರ್ತಿ ಮುಖ ನೋಡುತ್ತಾಳೆ, ಎದುರಿಗೆ ಕೂತು, ಹಕ್ಕಿನಿಂದ. ಇಷ್ಟು ವರ್ಷ ತನಗೆ ಸಿಕ್ಕಿದ್ದು ಅರ್ಧ.

ಅವಳು ಜುಬ್ಬವನ್ನು ಮಡಿಸಿ, ಪ್ಯಾಂಟುಗಳ ಗುಡ್ಡೆಯ ತಳಕ್ಕೆ ತೂರಿ, ಮೇಲೆ ಎರಡು ಪ್ಯಾಂಟು ಎಳೆದು ಮುಚ್ಚಿದಳು.

“ಏನಾದ್ರೂ ಸಿಕ್ತಾ?” ಎಂದ ಅವನು ಕನ್ನಡಿಯಿಂದ ತಿರುಗದೆ.

“ಇಲ್ಲ. ಎಲ್ಲಾ ಸಣ್ಣವೇ.”

“ಹಂಗಾದ್ರೆ ಬೇರೆ ಅಂಗಡಿ ನೋಡೋಣ,” ಎಂದ. ಅವನಿಗೆ ಬೇಸರವಾದಂತೆ ಕಾಣಲಿಲ್ಲ.

ಆಮೇಲೆ ಶುರುವಾಯಿತು ಅಲೆದಾಟ. ಒಂದು ಅಂಗಡಿಯಲ್ಲಿ ಅಗಲ ತೋಳು ಎಂದರೆ ಅರ್ಧ ತೋಳು ತೋರಿಸಿದರು. ಇನ್ನೊಂದರಲ್ಲಿ “ಅಂಥವು ಈಗ ಲೇಡೀಸ್‌ಗೆ ಮಾತ್ರ ಬರ್ತಾವೆ ಸರ್” ಎಂದು ಬಲೂನಿನ ಹಾಗೆ ಊದಿದ ತೋಳಿನ ಗುಲಾಬಿ ಟಾಪ್ ಹರಡಿದರು. ವೀಣಾ ಅದನ್ನು ಎತ್ತಿ ತನ್ನ ಹೆಗಲಿಗೆ ಹಿಡಿದಳು. ಕನ್ನಡಿಯಲ್ಲಿ ಒಂದು ಕ್ಷಣ ತನ್ನನ್ನೇ ನೋಡಿಕೊಂಡಳು. ತನಗೂ ಉಬ್ಬಿದ ತೋಳಿದ್ದರೆ ಇವನು ಬೆರಳಿಟ್ಟು ದೊಡ್ಡದು ಮಾಡಿ ನೋಡುತ್ತಿದ್ದನೇನೋ.

“ತಗೊಳ್ತೀಯಾ?” ಎಂದ ಅವನು, ಹಿಂದೆ ಬಂದು ನಿಂತು.

“ನನಗ್ಯಾಕೆ? ನನ್ನ ಕೈಯೇನು ಮುರಿದೈತಾ?”

“ಬೇಡ ಬಿಡು. ನಿನ್ನ ಕೈ ಹಂಗೇ ಚೆನ್ನಾಗೈತೆ. ಲಾಳಿ ಹಿಡಿದಾಗ.”

ಅವಳು ಟಾಪನ್ನು ಅರ್ಧಂಬರ್ಧ ಮಡಿಸಿ ಅಲ್ಲೇ ಹಾಕಿ ಹೊರಗೆ ನಡೆದಳು. ಮುಖ ಕೆಂಪಾಗಿದ್ದು ಬಿಸಿಲಿಗೆ ಎಂದು ಯಾರಾದರೂ ಅಂದುಕೊಳ್ಳಲಿ ಎಂದು ಬೇಕೆಂದೇ ಬಿಸಿಲಿನಲ್ಲೇ ನಿಂತಳು.

*

ಕೊನೆಗೆ ಟೀ ಅಂಗಡಿಯವನು ದಾರಿ ತೋರಿಸಿದ. “ಅಗಲ ತೋಳು ಬೇಕಂದ್ರೆ ಬೋರಯ್ಯನ ಹತ್ರ ಹೋಗ್ರಿ. ನಾಟಕದ ಡ್ರೆಸ್ ಬಾಡಿಗೆಗೆ ಕೊಡ್ತಾನೆ.”

ಬೋರಯ್ಯನ ಅಂಗಡಿ ಒಂದು ಓಣಿಯ ಕೊನೆಗಿತ್ತು. ಗೋಡೆಯ ತುಂಬ ಕಿರೀಟ, ಗದೆ, ಭುಜಕೀರ್ತಿ. ಬಿಳಿಮೀಸೆಯ ಬೋರಯ್ಯ ಪ್ಲಾಸ್ಟರನ್ನು ಕಣ್ಣಲ್ಲೇ ಅಳೆದು, ಒಳಗಿನಿಂದ ಕೆಂಪು ಮಕಮಲ್ಲಿನ ಒಂದು ಅಂಗಿ ತಂದ. ಜರಿಯ ಕಸೂತಿ, ಕುತ್ತಿಗೆಗೆ ಮಣಿ, ತೋಳುಗಳಂತೂ ಭುಜದಲ್ಲಿ ಉಬ್ಬಿ ಮೊಣಕೈಯಲ್ಲಿ ಅಗಲವಾಗಿ ನೆಲದ ಕಡೆಗೆ ಇಳಿಬಿದ್ದಿದ್ದವು.

“ಹೋದ ಸಲ ಇದನ್ನ ಹಾಕಿದ ದುರ್ಯೋಧನ ತೋಳು ಬೀಸಿದ ರಭಸಕ್ಕೆ ಹಾರ್ಮೋನಿಯಂ ಮೇಲಿನ ಪುಸ್ತಕ ಹಾರಿತ್ತು,” ಎಂದು ಬೋರಯ್ಯ ಹೆಮ್ಮೆಯಿಂದ ಹೇಳಿದ.

ಪ್ಲಾಸ್ಟರ್ ಕೈ ಅದರೊಳಗೆ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಹೋಯಿತು. ಎದೆಯ ಲಾಡಿ ಕಟ್ಟಲು ಅವನಿಗಾಗದು. ವೀಣಾ ಹತ್ತಿರ ನಿಂತು ಕಟ್ಟಿದಳು. ಅವನ ಉಸಿರು ಅವಳ ಬೈತಲೆಗೆ ತಾಗುತ್ತಿತ್ತು. ತಲೆಯೆತ್ತಿದರೆ ಅವನ ಪೂರ್ತಿ ಮುಖ, ಇಷ್ಟು ಹತ್ತಿರದಲ್ಲಿ. ಅವಳು ತಲೆಯೆತ್ತಲಿಲ್ಲ. ಲಾಡಿಗೆ ಗಂಟಿನ ಮೇಲೆ ಗಂಟು ಬಿಗಿದಳು.

“ತಂಗೀನಾ?” ಎಂದು ಕೇಳಿದ ಬೋರಯ್ಯ.

“ಅಲ್ಲ,” ಎಂದ ರವಿತೇಜ. ಬೋರಯ್ಯ ಮೀಸೆಯಲ್ಲೇ ನಕ್ಕು, ಸೊಂಟಪಟ್ಟಿ ಹುಡುಕುವ ನೆಪದಲ್ಲಿ ಒಳಕೋಣೆಗೆ ಹೋದ.

“ಹೆಂಗೈತೆ?” ಎಂದು ರವಿತೇಜ ಬಲತೋಳು ಅಗಲಿಸಿ ನಿಂತ.

ಇದನ್ನು ಪ್ಯಾಂಟಿನ ಗುಡ್ಡೆಯಡಿ ಬಚ್ಚಿಡಲು ಆಗುತ್ತಿರಲಿಲ್ಲ. ವೀಣಾಳ ಸಹನೆ ಅಲ್ಲಿಗೆ ಮುಗಿಯಿತು.

“ಚೆನ್ನಾಗೈತೆ! ಇದನ್ನೇ ಹಾಕ್ಕೊಂಡು ಹೋಗಿ. ಕಿರೀಟಾನೂ ಇಟ್ಕೊಳ್ಳಿ, ಗದೇನೂ ಹಿಡ್ಕೊಳ್ಳಿ. ಅವಳದು ಕುಂಬಳಕಾಯಿ ತೋಳು, ನಿಮ್ಮದು ದುರ್ಯೋಧನನ ತೋಳು. ಜೋಡಿ ಭಾಳ ಚಂದ! ಫೋಟೊ ದೊಡ್ಡದು ಮಾಡಿ ಮಾಡಿ ನೋಡ್ತಿದ್ರಲ್ಲ, ನಾಳೆ ಹತ್ತಿರದಿಂದಾನೇ ನೋಡ್ಕೊಳ್ಳಿ.”

ಅವನು ನಗಲಿಲ್ಲ. “ಮೊದಲನೇ ಅಂಗಡೀಲಿ ಕೆನೆ ಬಣ್ಣದ ಜುಬ್ಬ ಯಾಕೆ ಬಚ್ಚಿಟ್ಟೆ?”

ವೀಣಾ ಗೋಡೆಯ ಗದೆಗಳ ಕಡೆ ತಿರುಗಿದಳು. “ಯಾವ ಜುಬ್ಬ? ನಾನೇನು ಬಚ್ಚಿಟ್ಟಿಲ್ಲ. ಪ್ಯಾಂಟಿನ ಅಡಿಗೆ ನಾನ್ಯಾಕೆ ಇಡ್ಲಿ?”

“ಪ್ಯಾಂಟಿನ ಅಡಿಗೆ ಅಂತ ನಾನು ಹೇಳೇ ಇಲ್ವಲ್ಲ,” ಎಂದ ಅವನು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಂಗಾಯ್ತು. ನಾನು ಕನ್ನಡಿ ಮುಂದೆ ನಿಂತಿದ್ದೆ ವೀಣಾ. ಕನ್ನಡೀಲಿ ನೀನೂ ಇದ್ದೆ.”

ಭೂಮಿ ಬಾಯಿ ಬಿಡಲಿ ಎಂದುಕೊಂಡಳು ಅವಳು. ಚಳ್ಳಕೆರೆಯ ಭೂಮಿ ಗಟ್ಟಿ, ಬಾಯಿ ಬಿಡಲಿಲ್ಲ.

“ನೋಡಿದ ಮೇಲೂ ಯಾಕೆ ಊರೆಲ್ಲ ಅಲೆಸಿದ್ರಿ?”

“ಇನ್ನೂ ಎಷ್ಟು ಬಚ್ಚಿಡ್ತೀಯೋ ನೋಡೋಣ ಅಂತ. ನಿನ್ನ ಮನಸ್ಸು ನನ್ನ ಮೇಲೈತಾ ಅಂತ ನನಗೂ ಅನುಮಾನ ಇತ್ತು. ಆದ್ರೆ ಬೆಳಿಗ್ಗೆ ನೀನೇ ಒಳ್ಳೆ ಸಂಬಂಧ ಅಂದೆ. ನಿನ್ನ ಬಾಯಲ್ಲಿ ಆ ಮಾತು ಬಂದಾಗ ನನಗೆ ಕೈ ಮುರಿದಿದ್ದಕ್ಕಿಂತ ಜಾಸ್ತಿ ನೋವಾಯ್ತು.” ಅವನು ಒಂದು ಹೆಜ್ಜೆ ಹತ್ತಿರ ಬಂದ. ಮಕಮಲ್ಲಿನ ತೋಳು ಅವಳ ಕೈಗೆ ತಾಗಿತು. “ಆ ಫೋಟೊದಲ್ಲಿ ನಾನು ಹುಡುಗೀನ ನೋಡ್ಲಿಲ್ಲ. ಸೀರೆ ಅಂಚು ನೋಡ್ತಿದ್ದೆ. ನಮ್ಮ ಅಂಚನ್ನೇ ಪವರ್‌ಲೂಮಿನೋರು ಕದ್ದವ್ರೆ. ಅಂಚು ಒಡಲಿಗೆ ಕೂಡೋ ಜಾಗದಲ್ಲಿ ಹುಳುಕು ಕಾಣ್ತೈತಾ ಅಂತ ದೊಡ್ಡದು ಮಾಡಿದೆ.”

ಹೆಣ್ಣಿನ ಫೋಟೊ ಕೊಟ್ಟರೆ ಸೀರೆಯ ಅಂಚು ನೋಡುವ ಗಂಡು ಮೊಳಕಾಲ್ಮೂರಿನಲ್ಲಿ ಮಾತ್ರ ಹುಟ್ಟಲು ಸಾಧ್ಯ. ವೀಣಾಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಬಿಡಬೇಕೋ ತಿಳಿಯಲಿಲ್ಲ.

“ಕೈ ಮುರಿದ ಮೇಲೆ ನಿನ್ನ ಜಾಗದಲ್ಲಿ ಕೂತೆ ನೋಡು,” ಎಂದ ಅವನು ಮೆಲ್ಲಗೆ, “ಅಲ್ಲಿಂದ ನಿನ್ನ ಅರ್ಧ ಮುಖ ಕಾಣ್ತೈತೆ. ಬೆವರು ಕಿವಿ ಹಿಂದೆ ಇಳಿಯೋದು ಕಾಣ್ತೈತೆ. ನನಗೆ ಲಾಳಿ ಕೊಡೋದೇ ಮರೆತು ಹೋಗ್ತಿತ್ತು. ಆಗ ಹೊಳೀತು, ಇಷ್ಟು ವರ್ಷ ನೀನು ಅಲ್ಲಿ ಕೂತು ಏನು ನೋಡ್ತಿದ್ದೆ ಅಂತ. ಬೀದಿಯೋರೆಲ್ಲ ಅಣ್ಣ ಅಂತಾರೆ. ನೀನೊಬ್ಬಳೇ ಮರ ಬಡೀತಿದ್ದೆ. ಯಾಕಂತ ನಾನು ಒಂದು ಸಲಾನೂ ಯೋಚನೆ ಮಾಡ್ಲಿಲ್ಲ, ದಡ್ಡ ನಾನು.”

ವೀಣಾ ಈಗ ತಲೆಯೆತ್ತಿದಳು. ಪೂರ್ತಿ ಮುಖ. ಅದು ಅರ್ಧಕ್ಕಿಂತ ಎಷ್ಟೋ ಚೆನ್ನಾಗಿತ್ತು.

“ಹೆಣ್ಣು ನೋಡೋಕೆ ಹೋಗ್ತೀರಾ?”

“ನೀನು ಬೇಡ ಅಂದ್ರೆ ಹೋಗಲ್ಲ. ಆದ್ರೆ ಅವ್ವನ ಮುಂದೆ ನೀನೇ ಬೇಡ ಅನ್ಬೇಕು. ನಾನೊಬ್ಬನೇ ಹೇಳಿದ್ರೆ ತಂಗಿ ಮೇಲೆ ಕಣ್ಣು ಹಾಕಿದ್ಯಾ ಅಂತ ಬಾಯಿ ಮುಚ್ಚಿಸ್ತಾಳೆ.”

“ಅಷ್ಟು ಧೈರ್ಯ ನನಗಿಲ್ಲ.”

“ಜುಬ್ಬ ಬಚ್ಚಿಡೋಕಿತ್ತಲ್ಲ?”

ಬೋರಯ್ಯ ಕೆಮ್ಮುತ್ತಾ ಹೊರಗೆ ಬಂದ. ಲಾಡಿಯ ಗಂಟುಗಳು ಬಿಚ್ಚಲಾಗದಷ್ಟು ಬಿಗಿದಿದ್ದವು. ಕೊನೆಗೆ ವೀಣಾ ಹಲ್ಲಿನಿಂದ ಕಚ್ಚಿ ಸಡಿಲಿಸಬೇಕಾಯಿತು.

*

ಅವರು ಬರಿಗೈಯಲ್ಲಿ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗೋವಿಂದಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

“ಸಿಕ್ತಾ?”

“ಇಲ್ಲವ್ವ,” ಎಂದ ರವಿತೇಜ. “ಅಡಗಿಸೋದು ಬೇಡ. ಕೈ ಮುರಿದೈತೆ ಅಂತ ಫೋನ್ ಮಾಡಿ ನಿಜ ಹೇಳ್ಬಿಡು.”

ಕೈ ಮುರಿದದ್ದು ಕೇಳಿದರೆ ಅವರೇ ಬೇಡ ಎನ್ನುತ್ತಾರೆ, ಯಾರೂ ಏನೂ ಹೇಳಬೇಕಾಗುವುದಿಲ್ಲ ಎಂದು ವೀಣಾಳೇ ಬಸ್ಸಿನಲ್ಲಿ ಈ ಉಪಾಯ ಹೇಳಿಕೊಟ್ಟಿದ್ದಳು. ಗೋವಿಂದಮ್ಮ ಗೊಣಗುತ್ತಾ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಅಳುಕುತ್ತಲೇ ವಿಷಯ ಹೇಳಿದಳು.

“ಅಯ್ಯೋ, ಅದಕ್ಕೇನಂತೆ!” ಎಂ‌ದಿತು ರಂಜಿತಾಳ ಅಪ್ಪನ ಧ್ವನಿ. “ಮೂಳೆ ಅಲ್ವಾ, ಕೂಡ್ತೈತೆ. ನೀವು ಮುಚ್ಚಿಡದೆ ಹೇಳಿದ್ರಲ್ಲ, ಅದೇ ದೊಡ್ಡದು. ರಂಜಿತಾ ಇಲ್ಲೇ ಅವಳೆ. ಪಾಪ, ನೋವಿದ್ರೆ ನಾವೇ ಅಲ್ಲಿಗೆ ಬರೋಣ ಅಂತ ಹೇಳ್ತಾವಳೆ.”

ಚೆಲುವೆ ಎಂದು ಹೊಟ್ಟೆ ಉರಿದದ್ದು ಸಾಲದೆಂಬಂತೆ ಆ ಹುಡುಗಿ ಒಳ್ಳೆಯವಳೂ ಆಗಿಬಿಟ್ಟಳಲ್ಲ! ಪಾಪ ಎನ್ನಲು ಅವಳ್ಯಾರು? ಅವನ ನೋವಿನ ಲೆಕ್ಕ ಅವಳಿಗೇಕೆ? ವೀಣಾ ಜಗಲಿಯ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಉಪಾಯ ಅವಳ ಕುತ್ತಿಗೆಗೇ ಬಂದಿತ್ತು.

ಗೋವಿಂದಮ್ಮ ಫೋನಿಟ್ಟು ಅರಳಿದ ಮುಖದಿಂದ ತಿರುಗಿದಳು. “ನೋಡಿದ್ಯೇನಮ್ಮಾ ವೀಣಾ, ನಿಮ್ಮಣ್ಣನ ಅದೃಷ್ಟ!”

“ಅಣ್ಣ ಅಲ್ಲ.”

ಮಾತು ಬಾಯಿಂದ ಬಿದ್ದಾಗಿತ್ತು. ಗೋವಿಂದಮ್ಮನ ಬೆರಳುಗಳು ಅಕ್ಕಿಯಲ್ಲೇ ನಿಂತವು.

“ಅವರು ನನಗೆ ಅಣ್ಣ ಅಲ್ಲ ಚಿಕ್ಕವ್ವ,” ಎಂದಳು ವೀಣಾ.  “ನಾನು ಒಂದು ಸಲಾನೂ ಹಂಗೆ ಕರೆದಿಲ್ಲ. ಅಂಗಿ ಮೊದಲನೇ ಅಂಗಡೀಲೇ ಸಿಕ್ಕಿತ್ತು. ನಾನೇ ಬಚ್ಚಿಟ್ಟೆ. ಇನ್ನೊಬ್ಬಳ ಮುಂದೆ ಇವರು ಚೆನ್ನಾಗಿ ಕಾಣೋದು ನನಗೆ ಬೇಡವಾಗಿತ್ತು. ಇವರು ನನಗೆ ಬೇಕು. ಬೈದ್ರೆ ಬೈಯ್ರಿ. ನಾಳೆಯಿಂದ ಮಗ್ಗಕ್ಕೆ ಬರಬೇಡ ಅಂದ್ರೂ ಸರಿ. ನೀವು ಹೆಪ್ಪು ಕೇಳೋಕೆ ಅಕ್ಕ ಅಂದ್ರಿ. ಅದಕ್ಕೆ ನಾನು ಜೀವನ ಪೂರ್ತಿ ತಂಗಿಯಾಗಿ ಇರೋಕಾಗಲ್ಲ.”

ಗೋವಿಂದಮ್ಮ ಮಗನ ಕಡೆ ನೋಡಿದಳು. “ನೀನೇನಂತೀಯೋ?”

“ಅವಳು ಹೇಳಿದ್ದೇ, ಅವ್ವ. ರಂಜಿತಾ ಅವರ ಅಪ್ಪನಿಗೆ ನಾನೇ ಫೋನ್ ಮಾಡಿ ತಪ್ಪಾಯ್ತು ಅಂತೀನಿ. ಒಳ್ಳೆ ಜನ, ಅವರಿಗೆ ಸುಳ್ಳು ಬೇಡ.”

ಗೋವಿಂದಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಸೆರಗಿನ ಹೊಟ್ಟು ಕೊಡವಿದಳು. ಎದ್ದು ಒಳಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡಳು ವೀಣಾ. ನಾಳೆ ಆ ಮಗ್ಗದಲ್ಲಿ ತನ್ನ ಜಾಗಕ್ಕೆ ಬೇರೆ ಯಾರೋ ಬಂದು ಕೂರುವುದು ಕಣ್ಣಿಗೆ ಕಟ್ಟಿತು, ಅವರ ಮೇಲೂ ಆಗಲೇ ಹೊಟ್ಟೆ ಉರಿಯಿತು.

ಗೋವಿಂದಮ್ಮ ಒಳಗೆ ಹೋಗಲಿಲ್ಲ. ಅಂಗಳಕ್ಕಿಳಿದು, ಎರಡು ಮನೆಗಳ ನಡುವಿನ ಮೋಟು ಗೋಡೆಯ ಹತ್ತಿರ ನಡೆದಳು. ಗೋಡೆಯ ಮೇಲೆ ಕೈಯಿಟ್ಟು ನಿಂತಳು. ಹೊಸ ಮದುವಣಗಿತ್ತಿಯಾಗಿ ಖಾಲಿ ಬಟ್ಟಲು ಹಿಡಿದು ಅವಳು ನಿಂತಿದ್ದ ಜಾಗವೂ ಅದೇ.

“ಹೆಪ್ಪಿಗೆ ಅಂತ ಒಂದು ಮಾತು ಅಂದ್ರೆ ಎಷ್ಟು ದೊಡ್ಡ ಗಂಟು ಬಿತ್ತು, ನೋಡು,” ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

“ವದಿನಾ! ಓ ವದಿನಾ!”

ಆಚೆಯಿಂದ ರೇಣುಕಮ್ಮ ಸೌಟು ಹಿಡಿದೇ ಬಂದಳು. “ಯಾರನ್ನೇ ಕರೀತಿದೀಯಾ ಗೋವಿಂದೂ? ನಿಮ್ಮ ವದಿನ ಯಾವಾಗ ಊರಿಂದ ಬಂದ್ಳು?”

“ನಿನ್ನನ್ನೇ ಕರೀತಿರೋದು. ಇವತ್ತಿಂದ ನೀನೇ ನನಗೆ ವದಿನ. ಸೌಟು ಇಟ್ಟು ಬಾ, ಮಾತಾಡೋದೈತೆ.”

ವೀಣಾ ಕಂಬಕ್ಕೆ ಒರಗಿ ನಿಂತಳು.  ಕಣ್ಣೀರು ಧಾರಾಳವಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ. ಪಕ್ಕಕ್ಕೆ ಬಂದು ನಿಂತ ರವಿತೇಜ, ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಬೆರಳುಗಳಿಂದ ಅವಳ ಕಿರುಬೆರಳು ಹಿಡಿದುಕೊಂಡ.

“ಇನ್ನು ಮರ ಬಡಿಯೋದು ಬೇಡ,” ಎಂದ. “ಏನಂತ ಕರೀತೀಯಾ?”

ಅವಳು ಗೋಡೆಯ ಕಡೆ ಒಮ್ಮೆ ನೋಡಿದಳು. ಇಬ್ಬರು ತಾಯಂದಿರೂ ತಲೆಗೆ ತಲೆ ತಾಗಿಸಿ ಪಿಸುಗುಡುತ್ತಿದ್ದರು.

“ರೀ,” ಎಂದಳು ವೀಣಾ, ಅವನಿಗೆ ಮಾತ್ರ ಕೇಳುವಷ್ಟು ಮೆತ್ತಗೆ.

“ಏನು?”

“ಆ ಫೋಟೊ ಇನ್ನೂ ಫೋನಲ್ಲಿ ಐತಾ?”

“ಐತೆ. ಅಂಚು ಇನ್ನೊಂದು ಸಲ ನೋಡ್ಬೇಕಿತ್ತು.”

“ಅಳಿಸ್ರಿ. ನನ್ನ ಕಣ್ಣೆದುರಿಗೇ ಅಳಿಸ್ರಿ.”